ಮಿಸ್ಸಿಂಗ್, ಎಂಜಿನ್ ಆಫ್ ಆಗುವುದು, ಪಿಕಪ್ ಕುಸಿಯುವುದು: ಪೆಟ್ರೋಲ್ ಕಾರಿನ ದೋಷ ನಿವಾರಣೆ ಕೈಪಿಡಿ

ಪೆಟ್ರೋಲ್ ಎಂಜಿನ್ ಹದವಾಗಿ ಓಡಬೇಕಾದರೆ ಪ್ರತಿಯೊಂದು ಸಿಲಿಂಡರಿಗೂ ನಾಲ್ಕು ಸಂಗತಿಗಳು ಹೊತ್ತಿಗೆ ಸರಿಯಾಗಿ ಒದಗಬೇಕು: ಬೇಕಾದಷ್ಟು ಗಾಳಿ, ಆ ಗಾಳಿಗೆ ತಕ್ಕ ಇಂಧನ, ಮಿಶ್ರಣವನ್ನು ಅದುಮಿ ಹಿಡಿಯುವ ಕಂಪ್ರೆಷನ್ ಮತ್ತು ಸರಿಯಾದ ಕ್ಷಣಕ್ಕೆ ಹಾರುವ ಬಲವಾದ ಕಿಡಿ. ಇವುಗಳಲ್ಲಿ ಯಾವುದು ಕೊರೆಯಾದರೂ ಚಾಲಕನ ಅನುಭವಕ್ಕೆ ಬರುವುದು ಹೆಚ್ಚುಕಡಿಮೆ ಒಂದೇ ಬಗೆಯ ತೊಂದರೆ. ಗಾಡಿ ಎಳೆಯುವುದಿಲ್ಲ, ನಡುಗುತ್ತದೆ ಅಥವಾ ನಿಂತುಬಿಡುತ್ತದೆ. ಲಕ್ಷಣ ಒಂದೇ ಆಗಿದ್ದು ಕಾರಣಗಳು ಹತ್ತಾರು ಇರುವುದರಿಂದಲೇ ಮೊದಲು ಕಿಡಿ ಹಾರಿಸುವ ಪ್ಲಗ್, ಆಮೇಲೆ ಅದಕ್ಕೆ ವೋಲ್ಟೇಜ್ ಒದಗಿಸುವ ಕಾಯಿಲ್, ಅದೂ ಆಗದಿದ್ದರೆ ಸೆನ್ಸರ್ ಎಂದು ಒಂದೊಂದೇ ಭಾಗವನ್ನು ಬದಲಾಯಿಸುತ್ತ ಹೋಗುವ ರೂಢಿ ಬೆಳೆದಿದೆ. ಈ ರೂಢಿಯಷ್ಟು ದುಬಾರಿಯಾದುದು ಇನ್ನೊಂದಿಲ್ಲ. ಒಂದು ಭಾಗ ಕೆಟ್ಟಿದೆಯೆಂದು ಪರೀಕ್ಷೆಯಿಂದ ಸಿದ್ಧವಾಗುವ ತನಕ ಅದನ್ನು ಬಿಚ್ಚಿ ಹೊಸದನ್ನು ಹಾಕಬಾರದು ಎಂಬ ನಿಯಮವನ್ನು ಇಟ್ಟುಕೊಂಡರೆ ಕೆಲಸ ನಿಧಾನವಾದಂತೆ ಕಂಡರೂ ಮೂಲ ಬೇಗ ಸಿಗುತ್ತದೆ.

ದೋಷ ಯಾವಾಗ ಕಾಣಿಸುತ್ತದೆ?

ಕಾರಿನ ಕಂಪ್ಯೂಟರ್ ದಾಖಲಿಸಿದ ದೋಷದ ಕೋಡುಗಳನ್ನು ಓದುವ ಸ್ಕ್ಯಾನರ್ ಜೋಡಿಸುವುದಕ್ಕೂ ಮುಂಚೆ ಗೊತ್ತುಮಾಡಿಕೊಳ್ಳಬೇಕಾದುದು ತೊಂದರೆ ಯಾವ ಸಂದರ್ಭದಲ್ಲಿ ಬರುತ್ತದೆ, ಯಾವ ಸಂದರ್ಭದಲ್ಲಿ ಬರುವುದಿಲ್ಲ ಎಂಬುದನ್ನು. ಐಡ್ಲಿಂಗಿನಲ್ಲಿ (ಆಕ್ಸಿಲರೇಟರ್ ಒತ್ತದೆ ಎಂಜಿನ್ ಓಡುತ್ತಿರುವಾಗ) ನಡುಗಿ, ವೇಗ ಹೆಚ್ಚಿದ ಕೂಡಲೇ ಸರಿಹೋಗುವ ಎಂಜಿನ್ನಿನಲ್ಲಿ ಹೊರಗಿನ ಗಾಳಿ ಎಲ್ಲಿಂದಲೋ ಒಳನುಸುಳುತ್ತಿರುವ ಸಾಧ್ಯತೆ ಹೆಚ್ಚು. ಐಡ್ಲಿಂಗ್ ಚೆನ್ನಾಗಿದ್ದು ಏರು ಹತ್ತುವಾಗ ಇಲ್ಲವೇ ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಮಾತ್ರ ಮುಗ್ಗರಿಸಿದರೆ ಕಿಡಿಯ ಬಲ ಅಥವಾ ಇಂಧನದ ಒತ್ತಡ ಸಾಲದಾಗಿದೆಯೆಂದು ತಿಳಿಯಬೇಕು. ತಣ್ಣಗಿರುವಾಗ ಮಿಸ್ಸಿಂಗ್ (ಸಿಲಿಂಡರಿನಲ್ಲಿ ಮಿಶ್ರಣ ಹೊತ್ತದೆ ಹೋಗುವುದು) ಬಂದು ಒಂದೆರಡು ನಿಮಿಷದಲ್ಲಿ ತಾನಾಗಿ ಮಾಯವಾಗುವುದು, ಬಿಸಿಯಾದ ಮೇಲೆ ಮಾತ್ರ ಆಫ್ ಆಗಿ ತಣಿದ ಮೇಲೆ ಮತ್ತೆ ಸ್ಟಾರ್ಟ್ ಆಗುವುದು, ಮಳೆಯಲ್ಲಿ ಮಾತ್ರ ತೊಂದರೆ ಕೊಡುವುದು, ಪೆಟ್ರೋಲ್ ತುಂಬಿಸಿದ ತಕ್ಷಣ ಸ್ಟಾರ್ಟ್ ಆಗಲು ಮೊಂಡು ಹಿಡಿಯುವುದು, ಇವೆಲ್ಲ ಬೇರೆ ಬೇರೆ ದಿಕ್ಕನ್ನು ತೋರಿಸುವ ಕುರುಹುಗಳು. ಪೆಟ್ರೋಲಿನ ಜೊತೆಗೆ ಸಿಎನ್‌ಜಿ ಅಥವಾ ಎಲ್‌ಪಿಜಿಯಲ್ಲೂ ಓಡುವ ಗಾಡಿಯಾದರೆ ಒಂದು ಒಳ್ಳೆಯ ಪರೀಕ್ಷೆ ಕೈಯಲ್ಲೇ ಇದೆ. ಎರಡೂ ಇಂಧನದಲ್ಲಿ ತೊಂದರೆ ಬಂದರೆ ಎರಡಕ್ಕೂ ಸಾಮಾನ್ಯವಾದ ಕಿಡಿ, ಗಾಳಿ ಇಲ್ಲವೇ ಕಂಪ್ರೆಷನ್ ಕಡೆಗೆ ನೋಡಬೇಕು. ಒಂದರಲ್ಲಿ ಮಾತ್ರ ಬಂದರೆ ಮೊದಲು ಆ ಇಂಧನದ ಮಾರ್ಗವನ್ನು ನೋಡಬೇಕು. ಆದರೆ ಗ್ಯಾಸ್ ಮಿಶ್ರಣವನ್ನು ಹೊತ್ತಿಸಲು ಹೆಚ್ಚು ಬಲದ ಕಿಡಿ ಬೇಕಾಗುವುದರಿಂದ, ಸವೆದ ಪ್ಲಗ್ ಪೆಟ್ರೋಲಿನಲ್ಲಿ ಹೇಗೋ ನಡೆಸಿಕೊಂಡು ಹೋಗಿ ಗ್ಯಾಸಿನಲ್ಲಿ ಕೈಕೊಡುವುದೂ ಉಂಟು.

ಪಿಕಪ್ ಇಲ್ಲವೆಂಬ ದೂರು ಎಂಜಿನ್ನಿನದೇ ಹೌದೋ ಎಂಬುದನ್ನೂ ಇಲ್ಲೇ ತೀರ್ಮಾನಿಸಿಕೊಳ್ಳುವುದು ಒಳ್ಳೆಯದು. ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ಸುತ್ತುವ ಸುತ್ತು) ಏರುತ್ತಿದ್ದರೂ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ. ಸ್ವಲ್ಪ ದೂರ ಓಡಿಸಿ ನಿಲ್ಲಿಸಿದಾಗ ಒಂದು ಚಕ್ರ ಮಾತ್ರ ವಿಪರೀತ ಬಿಸಿಯಾಗಿದ್ದರೆ ಬ್ರೇಕ್ ಹಿಡಿದುಕೊಂಡಿದೆ. ಇವೆರಡನ್ನೂ ನೋಡದೆ ಎಂಜಿನ್ ಬಿಚ್ಚುವುದು ವ್ಯರ್ಥ ಶ್ರಮ.

ಮಿಣುಕುವ ದೀಪ

ಡ್ಯಾಶ್‌ಬೋರ್ಡಿನ ಎಂಜಿನ್ ಚೆಕ್ ದೀಪ ಒಂದೇ ಸಮನೆ ಉರಿಯುತ್ತಿದ್ದರೆ ಪರೀಕ್ಷೆಗೆ ಸಮಯವಿದೆ ಎಂದರ್ಥ. ಅದು ಮಿಣುಕುತ್ತಿದ್ದರೆ ಎಕ್ಸಾಸ್ಟ್ ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರನ್ನು ಹಾಳುಗೆಡಹುವಷ್ಟು ತೀವ್ರವಾದ ಮಿಸ್ಸಿಂಗ್ ನಡೆಯುತ್ತಿದೆ. ಸಿಲಿಂಡರಿನಲ್ಲಿ ಹೊತ್ತದೆ ಹೊರಬಂದ ಪೆಟ್ರೋಲ್ ಕನ್ವರ್ಟರಿನೊಳಗೆ ಉರಿಯತೊಡಗುತ್ತದೆ. ಆಗ ಅಲ್ಲಿನ ತಾಪ 1000 ಡಿಗ್ರಿ ಸೆಲ್ಸಿಯಸ್ಸನ್ನು ದಾಟಬಹುದು, ಒಳಗಿನ ಜೇನುಗೂಡಿನಂಥ ಸೆರಾಮಿಕ್ ಕರಗಿ ಮುಚ್ಚಿಕೊಳ್ಳಬಹುದು. ಒಂದು ಕಾಯಿಲಿನ ದೋಷ ಹೀಗೆ ಅದಕ್ಕಿಂತ ಎಷ್ಟೋ ಪಟ್ಟು ಬೆಲೆಯ ಕನ್ವರ್ಟರನ್ನು ತಿಂದುಹಾಕುತ್ತದೆ. ಆದ್ದರಿಂದ ದೀಪ ಮಿಣುಕಿದಾಗ ಆಕ್ಸಿಲರೇಟರಿನಿಂದ ಕಾಲು ತೆಗೆದು, ಸುರಕ್ಷಿತವಾದ ಜಾಗ ಸಿಕ್ಕ ಕೂಡಲೇ ನಿಲ್ಲಿಸಬೇಕು.

ಕೋಡ್ ಏನು ಹೇಳುತ್ತದೆ, ಏನು ಹೇಳುವುದಿಲ್ಲ

ಸ್ಕ್ಯಾನರಿನಲ್ಲಿ ಪಿ0301, ಪಿ0302, ಪಿ0303, ಪಿ0304 ಎಂಬವು ಕ್ರಮವಾಗಿ ಒಂದರಿಂದ ನಾಲ್ಕನೆಯ ಸಿಲಿಂಡರಿನ ಮಿಸ್ಸಿಂಗನ್ನೂ, ಪಿ0300 ಎಂಬುದು ಒಂದೇ ಸಿಲಿಂಡರಿಗೆ ಕಟ್ಟುಬೀಳದ ಮಿಸ್ಸಿಂಗನ್ನೂ ಸೂಚಿಸುತ್ತವೆ. ಎಂಜಿನ್ನಿನ ಕಂಪ್ಯೂಟರ್ ಇದನ್ನು ಕಂಡುಹಿಡಿಯುವುದು ಕ್ರ್ಯಾಂಕ್‌ಶಾಫ್ಟಿನ ತಿರುಗುವಿಕೆಯಲ್ಲಾಗುವ ಕ್ಷಣಿಕ ಹಿನ್ನಡೆಯನ್ನು ಅಳೆದು. 800 ಆರ್‌ಪಿಎಂ ಐಡ್ಲಿಂಗಿನಲ್ಲಿ ಪ್ರತಿ ಸಿಲಿಂಡರ್ ನಿಮಿಷಕ್ಕೆ 400 ಸಲ ಹೊತ್ತಬೇಕು. ಹೊತ್ತದಿದ್ದ ಪ್ರತಿ ಸಲವೂ ಶಾಫ್ಟ್ ಒಂದಿಷ್ಟು ನಿಧಾನಿಸುತ್ತದೆ. ಅಂದರೆ ಎಲ್ಲಿ ದಹನವಾಗಲಿಲ್ಲ ಎಂಬುದಷ್ಟೇ ಕಂಪ್ಯೂಟರಿಗೆ ಗೊತ್ತು, ಏಕೆ ಆಗಲಿಲ್ಲ ಎಂಬುದು ಅದಕ್ಕೆ ತಿಳಿಯದು. ಪಿ0302 ಬಂತೆಂದು ಎರಡನೆಯ ಸಿಲಿಂಡರಿನ ಕಾಯಿಲನ್ನು ಬದಲಾಯಿಸುವವರು ಈ ವ್ಯತ್ಯಾಸವನ್ನು ಮರೆಯುತ್ತಾರೆ.

ಒಂದೇ ಸಿಲಿಂಡರಿನ ಕೋಡ್ ಬಂದರೆ ಆ ಸಿಲಿಂಡರಿಗೆ ಮಾತ್ರ ಸೇರಿದ ಪ್ಲಗ್, ಕಾಯಿಲ್, ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್, ವಾಲ್ವುಗಳನ್ನು ಪರೀಕ್ಷಿಸಬೇಕು. ಎಲ್ಲ ಸಿಲಿಂಡರುಗಳಲ್ಲೂ ಅಲ್ಲಲ್ಲಿ ಮಿಸ್ಸಿಂಗ್ ಬಂದರೆ ಎಲ್ಲಕ್ಕೂ ಸಾಮಾನ್ಯವಾದ ಇಂಧನದ ಒತ್ತಡ, ಗಾಳಿಯ ಸೋರಿಕೆ, ಕಲಬೆರಕೆ ಪೆಟ್ರೋಲ್, ಟೈಮಿಂಗ್ ಚೈನ್ ಇವುಗಳ ಸರದಿ. ಅಕ್ಕಪಕ್ಕದ ಎರಡು ಸಿಲಿಂಡರುಗಳು ಒಟ್ಟಿಗೇ ಕೈಕೊಟ್ಟರೆ ಅವುಗಳ ನಡುವೆ ಹೆಡ್ ಗ್ಯಾಸ್ಕೆಟ್ (ಸಿಲಿಂಡರುಗಳ ಮೇಲಿನ ಹೆಡ್ಡನ್ನು ಸೋರದಂತೆ ಕೂರಿಸುವ ಹಾಳೆ) ಸುಟ್ಟಿರುವ ಸಂಶಯ ಬರಬೇಕು. ಕೋಡ್ ದಾಖಲಾದ ಗಳಿಗೆಯ ಆರ್‌ಪಿಎಂ, ಲೋಡ್ (ಎಂಜಿನ್ನಿನ ಮೇಲೆ ಬಿದ್ದ ಹೊರೆ), ತಾಪಮಾನಗಳನ್ನು ಕಂಪ್ಯೂಟರ್ ಜೊತೆಯಲ್ಲೇ ಉಳಿಸಿಟ್ಟಿರುತ್ತದೆ. ಕೋಡ್ ಅಳಿಸಿದರೆ ಅದೂ ಅಳಿಸಿಹೋಗುವುದರಿಂದ ಮೊದಲು ಬರೆದಿಟ್ಟುಕೊಂಡೇ ಮುಂದಿನ ಕೆಲಸಕ್ಕೆ ಕೈಹಾಕಬೇಕು.

ಕಿಡಿಯ ಪರೀಕ್ಷೆ

ಸಿಲಿಂಡರಿಗೊಂದು ಕಾಯಿಲ್ ಇರುವ ಎಂಜಿನ್ನುಗಳಲ್ಲಿ ಅದಲುಬದಲು ಮಾಡಿ ನೋಡುವುದಕ್ಕಿಂತ ಸರಳವಾದ ಪರೀಕ್ಷೆ ಇಲ್ಲ. ಎರಡನೆಯ ಸಿಲಿಂಡರಿನಲ್ಲಿ ಮಿಸ್ಸಿಂಗ್ ಇದ್ದರೆ ಅದರ ಕಾಯಿಲನ್ನು ನಾಲ್ಕನೆಯದಕ್ಕೂ ನಾಲ್ಕನೆಯದನ್ನು ಎರಡನೆಯದಕ್ಕೂ ಹಾಕಿ, ಕೋಡ್ ಅಳಿಸಿ, ಓಡಿಸಿ ನೋಡಬೇಕು. ಕೋಡ್ ಪಿ0304 ಆಗಿ ಬದಲಾದರೆ ತಪ್ಪಿತಸ್ಥ ಕಾಯಿಲೇ. ಪಿ0302 ಆಗಿಯೇ ಉಳಿದರೆ ಪ್ಲಗ್ಗನ್ನು ಹೀಗೆಯೇ ಬದಲಿಸಿ ನೋಡಬೇಕು. ಅದಕ್ಕೂ ಜಗ್ಗದಿದ್ದರೆ ಇಂಜೆಕ್ಟರ್, ಕಪ್ಲರಿನ (ವೈರುಗಳನ್ನು ಜೋಡಿಸುವ ಕೊಂಡಿಯ) ವೈರು ಮತ್ತು ಕಂಪ್ರೆಷನ್ ಉಳಿಯುತ್ತವೆ. ಒಮ್ಮೆಗೆ ಒಂದನ್ನು ಮಾತ್ರ ಬದಲಿಸಬೇಕು. ಪ್ಲಗ್ಗನ್ನೂ ಕಾಯಿಲನ್ನೂ ಒಟ್ಟಿಗೇ ಸ್ಥಳಾಂತರಿಸಿದರೆ ಪರೀಕ್ಷೆಯ ಅರ್ಥವೇ ಹೋಗುತ್ತದೆ.

ಬಿಚ್ಚಿದ ಪ್ಲಗ್ಗನ್ನು ಬೆಳಕಿಗೆ ಹಿಡಿದು ಸಾವಧಾನವಾಗಿ ನೋಡಬೇಕು. ತುದಿ ತಿಳಿ ಕಂದು ಅಥವಾ ಬೂದು ಬಣ್ಣದಲ್ಲಿದ್ದರೆ ದಹನ ಸರಿಯಾಗಿದೆ. ಒಣ ಕರಿ ಮಸಿ ಹತ್ತಿದ್ದರೆ ಇಂಧನ ಹೆಚ್ಚಾಗಿದೆ, ಜಿಡ್ಡಾದ ಕಪ್ಪು ಇದ್ದರೆ ಆಯಿಲ್ ಒಳಬರುತ್ತಿದೆ, ಸುಣ್ಣದಂತೆ ಬಿಳಿಚಿ ಬೊಕ್ಕೆಯೆದ್ದಿದ್ದರೆ ವಿಪರೀತ ಬಿಸಿಯಾಗಿದೆ. ಉಳಿದ ಮೂರರಲ್ಲಿ ಬಣ್ಣವಿದ್ದು ಒಂದು ಮಾತ್ರ ತೊಳೆದಿಟ್ಟಂತೆ ಶುಭ್ರವಾಗಿದ್ದರೆ ಅದನ್ನು ಒಳ್ಳೆಯ ಲಕ್ಷಣವೆಂದು ತಿಳಿಯಬಾರದು. ಆ ಸಿಲಿಂಡರಿಗೆ ಕೂಲೆಂಟ್ ಸೋರಿ, ಅದರ ಹಬೆ ಮಸಿಯನ್ನು ತೊಳೆದಿರುವ ಸಾಧ್ಯತೆ ಇದೆ.

ತುದಿಯನ್ನು ನೋಡಿದಷ್ಟೇ ಎಚ್ಚರದಿಂದ ಬಿಳಿಯ ಪಿಂಗಾಣಿ ಕುತ್ತಿಗೆಯನ್ನೂ ನೋಡಬೇಕು. ಮೇಲಿನ ಲೋಹದ ತುದಿಯಿಂದ ಕೆಳಗಿನ ಆರುಮೂಲೆಯ ಭಾಗದವರೆಗೆ ಪೆನ್ಸಿಲಿನಿಂದ ಎಳೆದಂತೆ ತೆಳ್ಳನೆಯ ಕಪ್ಪು ಗೆರೆ ಕಂಡರೆ, ಕಿಡಿ ಸಿಲಿಂಡರಿನೊಳಗೆ ಹಾರುವ ಬದಲು ಹೊರಮೈಯಲ್ಲೇ ಹರಿದು ಅರ್ತ್ ಆಗುತ್ತಿದೆ. ಅದನ್ನು ಮುಚ್ಚುವ ರಬ್ಬರ್ ಬೂಟನ್ನು ಮಗುಚಿದರೆ ಒಳಗೆ ಅದೇ ಜಾಗದಲ್ಲಿ ಜೋಡಿ ಗೆರೆಯೊಂದು ಸುಟ್ಟಿರುತ್ತದೆ. ಪ್ಲಗ್ ಮಾತ್ರ ಹೊಸದು ಹಾಕಿ ಹಳೆಯ ಬೂಟನ್ನೇ ತೊಡಿಸಿದರೆ ಕರೆಂಟಿಗೆ ದಾರಿ ಸಿದ್ಧವಾಗಿಯೇ ಇರುವುದರಿಂದ ಹೊಸ ಪ್ಲಗ್ಗಿನ ಮೇಲೂ ಸ್ವಲ್ಪ ದಿನದಲ್ಲಿ ಗೆರೆ ಮೂಡುತ್ತದೆ. ಎರಡನ್ನೂ ಬದಲಾಯಿಸಬೇಕು. ಪ್ಲಗ್ಗಿನ ಗುಣಿಯಲ್ಲಿ ಆಯಿಲ್ ಅಥವಾ ನೀರು ನಿಂತಿದ್ದರೆ ಅದು ಬಂದ ದಾರಿಯನ್ನು ಮುಚ್ಚದೆ ಈ ದುರಸ್ತಿ ನಿಲ್ಲುವುದಿಲ್ಲ.

ಲೋಡ್ ಬಿದ್ದಾಗ ಮಾತ್ರ ಮಿಸ್ಸಿಂಗ್ ಬರುವುದರ ಹಿಂದೆಯೂ ಕಾರಣವಿದೆ. ಆಕ್ಸಿಲರೇಟರ್ ಒತ್ತಿದಾಗ ಸಿಲಿಂಡರಿಗೆ ಹೆಚ್ಚು ಗಾಳಿ ತುಂಬಿ ಒತ್ತಡ ಏರುತ್ತದೆ. ಒತ್ತಡ ಏರಿದಷ್ಟೂ ಕಿಡಿ ಹಾರಲು ಹೆಚ್ಚು ವೋಲ್ಟೇಜ್ ಬೇಕು. ಸವೆದು ಗ್ಯಾಪ್ ಅಗಲವಾದ ಪ್ಲಗ್ಗಾಗಲಿ ಬಿರುಕುಬಿಟ್ಟ ಕಾಯಿಲಾಗಲಿ ಐಡ್ಲಿಂಗಿನಲ್ಲಿ ನಿಭಾಯಿಸಿ ಏರಿನಲ್ಲಿ ಸೋಲುವುದು ಇದರಿಂದಲೇ. ಹೆಚ್ಚಿನ ಎಂಜಿನ್ನುಗಳ ಗ್ಯಾಪ್ 0.7ರಿಂದ 1.1 ಮಿ.ಮೀ. ನಡುವೆ ಇರುತ್ತದೆ, ಆದರೆ ನಿಮ್ಮ ಎಂಜಿನ್ನಿಗೆ ತಯಾರಕರು ಕೊಟ್ಟ ಅಳತೆಯೇ ಪ್ರಮಾಣ. ಎಂಜಿನ್ ಓಡುತ್ತಿರುವಾಗ ಕಾಯಿಲನ್ನೋ ಪ್ಲಗ್ ವೈರನ್ನೋ ಎಳೆದು ಪರೀಕ್ಷಿಸುವ ಹಳೆಯ ಪದ್ಧತಿಯನ್ನು ಖಂಡಿತ ಬಿಡಬೇಕು. ಅಲ್ಲಿ ಹರಿಯುವುದು ಹತ್ತಾರು ಸಾವಿರ ವೋಲ್ಟ್. ಮೈಗೆ ಅಪಾಯ, ಕಂಪ್ಯೂಟರಿಗೂ ಅಪಾಯ.

ಗಾಳಿ ಮತ್ತು ಇಂಧನದ ತೂಕ

ಪೆಟ್ರೋಲ್ ಪೂರ್ತಿಯಾಗಿ ಉರಿಯಲು ತೂಕದಲ್ಲಿ ಒಂದು ಪಾಲು ಪೆಟ್ರೋಲಿಗೆ ಸುಮಾರು 14.7 ಪಾಲು ಗಾಳಿ ಬೇಕು. ಈ ಪ್ರಮಾಣವನ್ನು ಕಾಯ್ದುಕೊಳ್ಳಲು ಕಂಪ್ಯೂಟರ್ ಎಕ್ಸಾಸ್ಟ್ ಪೈಪಿನಲ್ಲಿರುವ ಆಕ್ಸಿಜನ್ ಸೆನ್ಸರಿನ ಮಾತು ಕೇಳಿ ಇಂಧನವನ್ನು ಕ್ಷಣಕ್ಷಣಕ್ಕೂ ಹೆಚ್ಚಿಸುತ್ತ ತಗ್ಗಿಸುತ್ತ ಇರುತ್ತದೆ. ಆ ತಿದ್ದುಪಡಿಯನ್ನು ಸ್ಕ್ಯಾನರ್ ಫ್ಯೂಯೆಲ್ ಟ್ರಿಮ್ ಎಂಬ ಹೆಸರಿನಲ್ಲಿ ಶೇಕಡಾವಾರು ತೋರಿಸುತ್ತದೆ. ಮಿಸ್ಸಿಂಗ್ ಹುಡುಕುವವರಿಗೆ ಇಷ್ಟು ಉಪಯುಕ್ತವಾದ ಅಂಕಿ ಮತ್ತೊಂದಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ತಾತ್ಕಾಲಿಕ ಮತ್ತು ದೀರ್ಘಕಾಲಿಕ ಟ್ರಿಮ್‌ಗಳೆರಡನ್ನೂ ಕೂಡಿಸಿದಾಗ ಮೊತ್ತ ಧನವಾಗಲಿ ಋಣವಾಗಲಿ ಶೇಕಡಾ ಹತ್ತರೊಳಗೇ ಇದ್ದರೆ ಚಿಂತೆಯಿಲ್ಲ. ಅದಕ್ಕಿಂತ ಹೆಚ್ಚು ಧನವಾಗಿದ್ದರೆ ಮಿಶ್ರಣ ತೆಳುವಾಗಿದೆಯೆಂದು ಕಂಪ್ಯೂಟರ್ ಇಂಧನ ಸುರಿಯುತ್ತಿದೆ, ಋಣವಾಗಿದ್ದರೆ ದಟ್ಟವಾಗಿದೆಯೆಂದು ಕಡಿತ ಮಾಡುತ್ತಿದೆ.

ಈ ಅಂಕಿಯನ್ನು ಬಿಸಿಯಾದ ಎಂಜಿನ್ನಿನಲ್ಲಿ ಎರಡು ಕಡೆ ಓದಬೇಕು: ಐಡ್ಲಿಂಗಿನಲ್ಲಿ ಒಮ್ಮೆ, 2500 ಆರ್‌ಪಿಎಂನಲ್ಲಿ ಹಿಡಿದಿಟ್ಟು ಇನ್ನೊಮ್ಮೆ. ಐಡ್ಲಿಂಗಿನಲ್ಲಿ ಇಪ್ಪತ್ತರಷ್ಟಿದ್ದು 2500ಕ್ಕೆ ಐದಕ್ಕೆ ಇಳಿದರೆ ಗಾಳಿಯ ಪ್ರಮಾಣವನ್ನು ನಿಯಂತ್ರಿಸುವ ಥ್ರಾಟಲ್‌ನಿಂದ ಎಂಜಿನ್ನಿನ ಕಡೆಗೆ ಎಲ್ಲೋ ಗಾಳಿ ಒಳನುಗ್ಗುತ್ತಿದೆ. ಐಡ್ಲಿಂಗಿನಲ್ಲಿ ಎಂಜಿನ್ ಎಳೆಯುವ ಗಾಳಿಯೇ ಸ್ವಲ್ಪವಾದ್ದರಿಂದ ಚಿಕ್ಕ ತೂತೂ ದೊಡ್ಡ ಪಾಲಾಗಿ ಕಾಣುತ್ತದೆ, ವೇಗ ಹೆಚ್ಚಿದಾಗ ಅದೇ ತೂತು ಲೆಕ್ಕಕ್ಕೆ ಬಾರದಂತಾಗುತ್ತದೆ. ಇದಕ್ಕೆ ವಿರುದ್ಧವಾಗಿ ಐಡ್ಲಿಂಗಿನಲ್ಲಿ ಸರಿಯಿದ್ದು ವೇಗ ಮತ್ತು ಲೋಡ್ ಏರಿದಂತೆ ಟ್ರಿಮ್ ಕೂಡ ಏರುತ್ತ ಹೋದರೆ ಪಂಪು ಬೇಕಾದಷ್ಟು ಪೆಟ್ರೋಲ್ ಒದಗಿಸುತ್ತಿಲ್ಲ, ಇಲ್ಲವೇ ಕೊಳೆಯಾದ ಏರ್ ಫ್ಲೋ ಸೆನ್ಸರ್ ಗಾಳಿಯನ್ನು ಕಡಿಮೆಯಾಗಿ ಲೆಕ್ಕಹಾಕುತ್ತಿದೆ.

ಒಂದು ಎಚ್ಚರಿಕೆಯ ಮಾತನ್ನು ಇಲ್ಲಿ ಸೇರಿಸಬೇಕು. ಕಿಡಿಯಿಲ್ಲದೆ ಹೊತ್ತದ ಸಿಲಿಂಡರ್ ತನ್ನ ಪಾಲಿನ ಆಕ್ಸಿಜನನ್ನೂ ಬಳಸದೆ ಹೊರಗೆ ತಳ್ಳುತ್ತದೆ. ಸೆನ್ಸರ್ ಅಳೆಯುವುದು ಆಕ್ಸಿಜನನ್ನು ಮಾತ್ರ. ಹಾಗಾಗಿ ಮಿಶ್ರಣ ತೆಳುವಾಗಿದೆ ಎಂಬ ತಪ್ಪು ಸುದ್ದಿ ಕಂಪ್ಯೂಟರಿಗೆ ಮುಟ್ಟಿ, ಟ್ರಿಮ್ ಏರಿ, ಪಿ0171 ಎಂಬ ಕೋಡೂ ಬಂದು ಕೂರಬಹುದು. ಮಿಸ್ಸಿಂಗ್ ಕೋಡ್ ಜೊತೆಯಲ್ಲಿದ್ದಾಗ ಕಿಡಿಯ ವಿಚಾರವನ್ನು ಮೊದಲು ಮುಗಿಸಿ, ಆಮೇಲೆ ಟ್ರಿಮ್ ನಂಬಬೇಕು. ಸೆನ್ಸರಿಗೂ ಮುಂಚೆ ಎಕ್ಸಾಸ್ಟ್ ಪೈಪು ಸೋರುತ್ತಿದ್ದರೂ ಇದೇ ಬಗೆಯ ಮೋಸವಾಗುತ್ತದೆ.

ಗಾಳಿ ಸೋರುವ ಜಾಗಗಳು ಹೆಚ್ಚುಕಡಿಮೆ ಗೊತ್ತಿರುವಂಥವೇ: ಇನ್‌ಟೇಕ್ ಮ್ಯಾನಿಫೋಲ್ಡಿನ ಗ್ಯಾಸ್ಕೆಟ್, ಬ್ರೇಕ್ ಬೂಸ್ಟರಿನ ಹೋಸು, ಎಂಜಿನ್ನಿನ ಕೆಳಭಾಗದ ಆವಿಯನ್ನು ಇನ್‌ಟೇಕಿಗೆ ಬಿಡುವ ಪಿಸಿವಿ ವಾಲ್ವಿನ ಮೆದುವಾಗಿ ಸೀಳಿದ ರಬ್ಬರ್ ಕೊಳವೆ, ಏರ್ ಫಿಲ್ಟರಿನಿಂದ ಥ್ರಾಟಲ್‌ಗೆ ಹೋಗುವ ಮಡಿಕೆ ಪೈಪಿನ ಕೆಳಮಗ್ಗುಲು. ಮಡಿಕೆಯೊಳಗಿನ ಸೀಳು ಮೇಲಿನಿಂದ ನೋಡಿದರೆ ಕಾಣುವುದಿಲ್ಲ, ಪೈಪನ್ನು ಬಾಗಿಸಿಯೇ ನೋಡಬೇಕು. ಹೊಗೆ ಊದುವ ಯಂತ್ರವಿದ್ದರೆ ಅತ್ಯುತ್ತಮ. ಬಿಸಿ ಎಂಜಿನ್ನಿನ ಮೇಲೆ ಪೆಟ್ರೋಲ್ ಅಥವಾ ಕಾರ್ಬ್ ಕ್ಲೀನರ್ ಸಿಂಪಡಿಸಿ ಸೋರಿಕೆ ಹುಡುಕುವುದರಲ್ಲಿ ಬೆಂಕಿಯ ಭಯವಿರುವುದರಿಂದ ಅದನ್ನು ಮಾಡಿರೆಂದು ನಾನು ಹೇಳಲಾರೆ.

ಪೆಟ್ರೋಲ್ ತುಂಬಿಸಿದ ಮೇಲೆ ಮಾತ್ರ ತೊಂದರೆಯಾದರೆ ಟ್ಯಾಂಕಿನ ಆವಿಯನ್ನು ಎಂಜಿನ್ನಿಗೆ ಬಿಡುವ ಪರ್ಜ್ ವಾಲ್ವ್ ತೆರೆದೇ ಉಳಿದಿದೆಯೇ ನೋಡಬೇಕು. ಕಪ್ಲರ್ ತೆಗೆದಿಟ್ಟಾಗ ಈ ವಾಲ್ವ್ ಮುಚ್ಚಿರಬೇಕು, ಅದರ ಮೂಲಕ ಗಾಳಿ ಹಾಯಬಾರದು.

ಇಂಧನದ ಕಡೆಗೆ ಬಂದರೆ, ಮ್ಯಾನಿಫೋಲ್ಡಿನೊಳಕ್ಕೆ ಪೆಟ್ರೋಲ್ ಚಿಮ್ಮಿಸುವ ಎಂಜಿನ್ನುಗಳಲ್ಲಿ ಸಾಮಾನ್ಯವಾಗಿ 3ರಿಂದ 4 ಬಾರ್ ಒತ್ತಡವಿರುತ್ತದೆ. ಗೇಜನ್ನು ಐಡ್ಲಿಂಗಿನಲ್ಲಿ ನೋಡಿ ತೃಪ್ತರಾಗದೆ ಲೋಡ್ ಬಿದ್ದಾಗಲೂ ಒತ್ತಡ ನಿಲ್ಲುತ್ತದೆಯೇ ಎಂದು ನೋಡಬೇಕು, ಏಕೆಂದರೆ ಕಟ್ಟಿಕೊಂಡ ಫಿಲ್ಟರ್ ಬಯಲಾಗುವುದು ಹೆಚ್ಚು ಪೆಟ್ರೋಲ್ ಹರಿಯಬೇಕಾದಾಗ. ಒತ್ತಡ ಕಡಿಮೆಯಿದ್ದರೆ ಪಂಪನ್ನು ದೂರುವ ಮೊದಲು ಪಂಪಿನ ಕಪ್ಲರಿನಲ್ಲಿ, ಅದು ಓಡುತ್ತಿರುವಾಗಲೇ, ವೋಲ್ಟೇಜ್ ಅಳೆಯಬೇಕು. ಬ್ಯಾಟರಿಯಲ್ಲಿ ಇರುವುದಕ್ಕಿಂತ ಅಲ್ಲಿ ಒಂದು ವೋಲ್ಟಿಗಿಂತಲೂ ಜಾಸ್ತಿ ಇಳಿದಿದ್ದರೆ ರಿಲೇ, ವೈರು ಅಥವಾ ಅರ್ತಿಂಗ್ ದೋಷಿ, ಪಂಪು ಬಲಿಪಶು. ನೇರವಾಗಿ ಸಿಲಿಂಡರಿಗೇ ಚಿಮ್ಮಿಸುವ ಎಂಜಿನ್ನುಗಳಲ್ಲಿ ಒತ್ತಡ 50 ಬಾರ್‌ನಿಂದ 200 ಬಾರ್ ಮೀರಿಯೂ ಇರುವುದರಿಂದ ಆ ಪೈಪುಗಳನ್ನು ಅನುಭವವಿಲ್ಲದವರು ಸಡಿಲಿಸಲೇಬಾರದು. ಚರ್ಮವನ್ನು ಸೀಳಿ ಒಳಹೋಗುವಷ್ಟು ಬಲ ಅದಕ್ಕಿದೆ. ಪೆಟ್ರೋಲಿನ ಗುಣದ ಬಗ್ಗೆ ಸಂಶಯವಿದ್ದರೆ ಸ್ವಲ್ಪವನ್ನು ಗಾಜಿನ ಬಾಟಲಿಯಲ್ಲಿ ಹಿಡಿದು ನಿಲ್ಲಿಸಿದಾಗ, ನೀರು ಬೆರೆತಿದ್ದರೆ ತಳದಲ್ಲಿ ಬೇರೆಯಾದ ಪದರ ಕಾಣುತ್ತದೆ.

ಎಂಜಿನ್ ಆಫ್ ಆಗುವುದು

ನಿಧಾನಿಸಿ ನಿಲ್ಲುವ ಹೊತ್ತಿಗೆ ಆಫ್ ಆಗುವುದೂ ಓಡುತ್ತಿರುವಾಗಲೇ ಸ್ವಿಚ್ ಆರಿಸಿದಂತೆ ಆಫ್ ಆಗುವುದೂ ಬೇರೆ ಬೇರೆ ರೋಗಗಳು. ಮೊದಲನೆಯದಕ್ಕೆ ಥ್ರಾಟಲ್ ಬಾಡಿಯ ಅಂಚಿನಲ್ಲಿ ಕಟ್ಟಿದ ಕರಿಯ ಕಿಟ್ಟ ಬಹು ಸಾಮಾನ್ಯವಾದ ಕಾರಣ. ಅದನ್ನು ಬಟ್ಟೆಯಿಂದ ಮೆತ್ತಗೆ ಒರೆಸಿ ತೆಗೆದ ಮೇಲೆ ಹಲವು ಗಾಡಿಗಳಲ್ಲಿ ಐಡ್ಲಿಂಗನ್ನು ಕಂಪ್ಯೂಟರಿಗೆ ಹೊಸದಾಗಿ ಕಲಿಸಬೇಕಾಗುತ್ತದೆ. ಸುಟ್ಟ ಹೊಗೆಯಲ್ಲಿ ಸ್ವಲ್ಪವನ್ನು ಮತ್ತೆ ಎಂಜಿನ್ನಿಗೆ ಬಿಡುವ ಇಜಿಆರ್ ವಾಲ್ವ್ ತೆರೆದುಕೊಂಡೇ ಸಿಕ್ಕಿಹಾಕಿಕೊಂಡರೂ ಹೀಗೆಯೇ ಆಗುತ್ತದೆ, ಏಕೆಂದರೆ ಐಡ್ಲಿಂಗಿನಲ್ಲಿ ಸುಟ್ಟ ಹೊಗೆ ಬೆರೆತರೆ ಮಿಶ್ರಣ ಹೊತ್ತುವುದೇ ಇಲ್ಲ. ಸ್ಟಾರ್ಟ್ ಆಗಿ ಒಂದೆರಡು ಸೆಕೆಂಡಿನಲ್ಲೇ ಪ್ರತಿಸಲವೂ ನಿಂತರೆ ಕೀಲಿಯನ್ನು ಗುರುತಿಸುವ ಇಮ್ಮೊಬಿಲೈಸರ್ ದೀಪವನ್ನು ಗಮನಿಸಿ.

ಎರಡನೆಯ ಬಗೆಯಲ್ಲಿ, ಶಾಫ್ಟ್ ತಿರುಗುವುದನ್ನು ಕಂಪ್ಯೂಟರಿಗೆ ತಿಳಿಸುವ ಕ್ರ್ಯಾಂಕ್ ಸೆನ್ಸರಿನ ಮೇಲೆ ಕಣ್ಣಿರಬೇಕು. ಬಿಸಿಯಾದಾಗ ಅದರ ಒಳಸುರುಳಿ ಕಡಿದುಕೊಂಡು, ತಣಿದಾಗ ಮತ್ತೆ ಕೂಡಿಕೊಳ್ಳುವುದುಂಟು. ಗ್ಯಾರೇಜಿಗೆ ತರುವಷ್ಟರಲ್ಲಿ ಗಾಡಿ ಸರಿಯಾಗಿಯೇ ಇರುತ್ತದೆ. ಗೇರಿನಲ್ಲಿ ಓಡುತ್ತಿರುವಾಗ ಎಂಜಿನ್ ಆಫ್ ಆದರೂ ಚಕ್ರಗಳು ಅದನ್ನು ತಿರುಗಿಸುತ್ತಲೇ ಇರುತ್ತವೆ. ಆ ಹೊತ್ತಿನಲ್ಲಿ ಆರ್‌ಪಿಎಂ ಮುಳ್ಳು ತಟಕ್ಕನೆ ಸೊನ್ನೆಗೆ ಬಿದ್ದರೆ ಸೆನ್ಸರಿನ ಸಂಕೇತವೋ ಕಂಪ್ಯೂಟರಿನ ವಿದ್ಯುತ್ತೋ ಕಡಿದಿದೆ. ಮುಳ್ಳು ವೇಗದೊಂದಿಗೆ ನಿಧಾನವಾಗಿ ಇಳಿದರೆ ಇಂಧನದ ಕಡೆ ಹುಡುಕಬೇಕು. ಆಫ್ ಆದ ಮೇಲೆ ಸ್ಟಾರ್ಟರ್ ತಿರುಗಿಸುತ್ತ ಸ್ಕ್ಯಾನರಿನಲ್ಲಿ ಆರ್‌ಪಿಎಂ ನೋಡಿದರೂ ಇದೇ ಉತ್ತರ ಸಿಗುತ್ತದೆ. ಅದು ಸೊನ್ನೆಯಲ್ಲೇ ನಿಂತಿದ್ದರೆ ಸೆನ್ಸರ್ ಮತ್ತು ಅದರ ವೈರನ್ನು ಪರೀಕ್ಷಿಸಬೇಕು.

ಬ್ಯಾಟರಿ ಮತ್ತು ಅರ್ತಿಂಗ್ ವಿಷಯವನ್ನು ಸಣ್ಣದೆಂದು ಬಿಡಬಾರದು. ವಿಶ್ರಾಂತಿಯಲ್ಲಿ ಸುಮಾರು 12.6 ವೋಲ್ಟ್, ಎಂಜಿನ್ ಓಡುವಾಗ 13.8ರಿಂದ 14.5 ವೋಲ್ಟ್ ಇರಬೇಕು. ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್ ಕಂಬಕ್ಕೂ ಇನ್ನೊಂದನ್ನು ಎಂಜಿನ್ ಬ್ಲಾಕಿನ ಶುಚಿಯಾದ ಲೋಹಕ್ಕೂ ಹಿಡಿದು ಸ್ಟಾರ್ಟರ್ ತಿರುಗಿಸಿದಾಗ 0.3 ವೋಲ್ಟ್ ದಾಟಬಾರದು. ದಾಟಿದರೆ ಅರ್ತ್ ಪಟ್ಟಿಯ ಬೋಲ್ಟ್ ಬಿಚ್ಚಿ, ಕೆಳಗಿನ ತುಕ್ಕು ಮತ್ತು ಬಣ್ಣವನ್ನು ಉಜ್ಜಿ ತೆಗೆದು ಬಿಗಿಮಾಡಬೇಕು.

ಕಂಪ್ರೆಷನ್

ಕಿಡಿಯೂ ಇಂಧನವೂ ಸರಿಯಿದ್ದು ಒಂದೇ ಸಿಲಿಂಡರ್ ಸತ್ತಂತಿದ್ದರೆ ಕಂಪ್ರೆಷನ್ ಅಳೆಯದೆ ಬೇರೆ ದಾರಿಯಿಲ್ಲ. ಎಂಜಿನ್ ಬಿಸಿಯಾಗಿದ್ದು, ಬ್ಯಾಟರಿ ತುಂಬಿದ್ದು, ಎಲ್ಲ ಪ್ಲಗ್ಗುಗಳನ್ನು ತೆಗೆದು, ಕಾಯಿಲ್ ಮತ್ತು ಇಂಜೆಕ್ಟರುಗಳ ಸಂಪರ್ಕ ಕಳಚಿ, ಥ್ರಾಟಲನ್ನು ಪೂರ್ತಿ ತೆರೆದು ಅಳೆಯಬೇಕು. ಥ್ರಾಟಲ್ ಮುಚ್ಚಿದ್ದರೆ ಗಾಳಿ ಸಾಲದೆ ಎಲ್ಲ ಸಿಲಿಂಡರುಗಳೂ ಕೆಟ್ಟಂತೆ ಕಾಣುತ್ತವೆ. ಹಲವು ಪೆಟ್ರೋಲ್ ಎಂಜಿನ್ನುಗಳಲ್ಲಿ 10ರಿಂದ 13 ಬಾರ್ ಸಿಗುತ್ತದೆ. ಆದರೆ ಒಟ್ಟು ಅಂಕಿಗಿಂತ ಸಿಲಿಂಡರುಗಳ ನಡುವಿನ ಅಂತರವೇ ಮುಖ್ಯ. ಒಂದು ಸಿಲಿಂಡರ್ ಉಳಿದವಕ್ಕಿಂತ ಶೇಕಡಾ 15ಕ್ಕೂ ಹೆಚ್ಚು ಹಿಂದಿದ್ದರೆ ಅಲ್ಲೇ ದೋಷವಿದೆ. ಆ ಸಿಲಿಂಡರಿಗೆ ಒಂದು ಟೀ ಚಮಚ ಆಯಿಲ್ ಬಿಟ್ಟು ಮತ್ತೆ ಅಳೆದಾಗ ಒತ್ತಡ ಏರಿದರೆ ರಿಂಗುಗಳು ಸವೆದಿವೆ, ಏರದಿದ್ದರೆ ವಾಲ್ವ್ ಅಥವಾ ಗ್ಯಾಸ್ಕೆಟ್ ಸೋರುತ್ತಿದೆ. ಗ್ಯಾಸಿನಲ್ಲಿ ಹೆಚ್ಚು ಓಡಿದ ಎಂಜಿನ್ನುಗಳಲ್ಲಿ ಎಕ್ಸಾಸ್ಟ್ ವಾಲ್ವಿನ ಸೀಟು ಸವೆದು ಕ್ಲಿಯರೆನ್ಸ್ ಕಡಿಮೆಯಾಗಿ ವಾಲ್ವ್ ಪೂರ್ತಿ ಮುಚ್ಚದಿರುವುದು ಅಪರೂಪವಲ್ಲ. ಹೊಂದಿಸಲು ಅವಕಾಶವಿರುವ ಎಂಜಿನ್ನಾದರೆ ಹೆಡ್ ಬಿಚ್ಚುವ ಮೊದಲು ಟ್ಯಾಪೆಟ್ ಅಳತೆ (ಅಂದರೆ ಈ ಕ್ಲಿಯರೆನ್ಸ್) ನೋಡಬೇಕು.

ಪ್ಲಗ್ ಗುಣಿಯಿಂದ ಒತ್ತಡದ ಗಾಳಿ ಬಿಟ್ಟು ಕಿವಿಗೊಟ್ಟರೆ ಸೋರುವ ಜಾಗ ತಾನಾಗಿ ತಿಳಿಯುತ್ತದೆ. ಸೈಲೆನ್ಸರಿನಲ್ಲಿ ಹಿಸ್ಸೆಂದರೆ ಎಕ್ಸಾಸ್ಟ್ ವಾಲ್ವ್, ಥ್ರಾಟಲಿನಲ್ಲಿ ಕೇಳಿದರೆ ಇನ್‌ಟೇಕ್ ವಾಲ್ವ್, ಆಯಿಲ್ ಮುಚ್ಚಳದಲ್ಲಿ ಬಂದರೆ ರಿಂಗ್, ರೇಡಿಯೇಟರಿನಲ್ಲಿ ಗುಳ್ಳೆಯೆದ್ದರೆ ಹೆಡ್ ಗ್ಯಾಸ್ಕೆಟ್. ರೇಡಿಯೇಟರ್ ಮುಚ್ಚಳವನ್ನು ಎಂಜಿನ್ ತಣಿದಿರುವಾಗಲೇ ತೆಗೆದಿಟ್ಟುಕೊಂಡಿರಬೇಕು.

ಹೊರಹೋಗುವ ದಾರಿ ಕಟ್ಟಿಕೊಂಡಾಗ

ಮಿಸ್ಸಿಂಗ್ ಇಲ್ಲ, ಕೋಡ್ ಇಲ್ಲ, ಆದರೂ ಒಂದು ವೇಗದಿಂದಾಚೆ ಗಾಡಿ ಏರುವುದೇ ಇಲ್ಲ ಎಂದಾದರೆ ಕ್ಯಾಟಲಿಟಿಕ್ ಕನ್ವರ್ಟರ್ ಕಟ್ಟಿಕೊಂಡಿದೆಯೇ ಎಂದು ನೋಡಬೇಕು. ಮುಂದಿನ ಆಕ್ಸಿಜನ್ ಸೆನ್ಸರ್ ತೆಗೆದು ಆ ತೂತಿಗೆ ಒತ್ತಡದ ಗೇಜ್ ಜೋಡಿಸಿ 2500 ಆರ್‌ಪಿಎಂನಲ್ಲಿ ನೋಡಿದರೆ 0.2 ಬಾರ್ ಒಳಗಿರಬೇಕು. ಕನ್ವರ್ಟರ್ ತಾನಾಗಿ ಕಟ್ಟಿಕೊಳ್ಳುವುದು ಅಪರೂಪ. ಹಿಂದೆ ಯಾವುದೋ ಮಿಸ್ಸಿಂಗ್ ಅಥವಾ ಆಯಿಲ್ ಸುಡುವಿಕೆ ಅದನ್ನು ಕೆಡಿಸಿರುತ್ತದೆ, ಅದನ್ನು ಪತ್ತೆಮಾಡದೆ ಹೊಸದನ್ನು ಹಾಕಿದರೆ ಅದಕ್ಕೂ ಅದೇ ಗತಿ. ಟರ್ಬೋ ಇರುವ ಎಂಜಿನ್ನುಗಳಲ್ಲಿ ಪಿಕಪ್ ಕುಸಿದು ಪಿ0299 (ಟರ್ಬೋ ಒತ್ತಡ ಸಾಲದು) ಎಂಬ ಕೋಡ್ ಬಂದರೆ ಟರ್ಬೋ ಬಿಚ್ಚುವ ಮೊದಲು ಇಂಟರ್‌ಕೂಲರಿನ ಪೈಪುಗಳು ಕಳಚಿವೆಯೇ, ಸೀಳಿವೆಯೇ ಎಂದು ನೋಡಬೇಕು.

ದುರಸ್ತಿಯಾದ ಮೇಲೆ

ಭಾಗ ಬದಲಾಯಿಸಿ ಐಡ್ಲಿಂಗ್ ಸರಿಹೋದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಕೋಡ್ ಅಳಿಸಿ, ಮೊದಲು ಬರೆದಿಟ್ಟುಕೊಂಡ ಅದೇ ಸಂದರ್ಭದಲ್ಲಿ, ಅಂದರೆ ಅದೇ ತಾಪ, ಅದೇ ವೇಗ, ಅದೇ ಲೋಡಿನಲ್ಲಿ ಓಡಿಸಿ, ಸಿಲಿಂಡರುವಾರು ಮಿಸ್ಸಿಂಗ್ ಎಣಿಕೆ ತೋರಿಸುವ ಸ್ಕ್ಯಾನರ್ ಇದ್ದರೆ ಅದು ಸೊನ್ನೆಯಲ್ಲೇ ಉಳಿಯುತ್ತದೆಯೇ ಎಂದು ನೋಡಬೇಕು. ಐಡ್ಲಿಂಗಿನಲ್ಲೂ 2500 ಆರ್‌ಪಿಎಂನಲ್ಲೂ ಫ್ಯೂಯೆಲ್ ಟ್ರಿಮ್ ಶೇಕಡಾ ಹತ್ತರೊಳಕ್ಕೆ ಬಂದಿರಬೇಕು. ಮಿಸ್ಸಿಂಗಿನಲ್ಲೇ ಬಹಳ ದಿನ ಓಡಿದ ಗಾಡಿಯಾದರೆ ಡಿಪ್‌ಸ್ಟಿಕ್ ಎಳೆದು ಮೂಸಿ ನೋಡಿ. ಆಯಿಲಿನಲ್ಲಿ ಪೆಟ್ರೋಲ್ ವಾಸನೆ ಬಂದರೆ, ಅಥವಾ ಮಟ್ಟ ಗುರುತಿಗಿಂತ ಮೇಲೇರಿದ್ದರೆ, ಹೊತ್ತದ ಪೆಟ್ರೋಲ್ ಸಿಲಿಂಡರಿನ ಗೋಡೆಯಿಂದ ಕೆಳಗಿಳಿದು ಆಯಿಲನ್ನು ತೆಳುಮಾಡಿದೆ. ಬೇರಿಂಗುಗಳು ಸವೆಯುವ ಮೊದಲು ಆಯಿಲನ್ನೂ ಆಯಿಲ್ ಫಿಲ್ಟರನ್ನೂ ಬದಲಾಯಿಸಿಯೇ ಗಾಡಿಯನ್ನು ರಸ್ತೆಗೆ ಬಿಡಬೇಕು.